ಕ್ಯಾಮೆರಾದ ಪಕ್ಕದ ಜಾಗ

ಗುರು ಎಂದೊಡನೆ ಗಡ್ಡ, ಕಾವಿ, ಕಮಂಡಲ ಹುಡುಕುವವರು ಇಲ್ಲಿಂದಲೇ ವಾಪಸಾಗಬಹುದು. ಈ ಗುರು ಸ್ಕಾಟ್ಲೆಂಡಿನವನು, ಸಿನಿಮಾ ನಟ. ಹೆಸರು ಮುರ್ಡೊ ಗಿಲ್ಲಿಸ್. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಹರೆಯದಲ್ಲಿ ಅವನು ಗ್ಲಾಸ್ಗೋದ ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುತ್ತಿದ್ದ. ಆಮೇಲೆ ಮೂವತ್ತೆಂಟು ವರ್ಷ ಸಿನಿಮಾ. ಪೊಲೀಸನಾದ, ಪಾದ್ರಿಯಾದ, ಹನ್ನೊಂದು ಚಿತ್ರಗಳಲ್ಲಿ ಸತ್ತ. ಪೋಸ್ಟರಿನಲ್ಲಿ ಒಮ್ಮೆಯೂ ಅವನ ಮುಖ ಬರಲಿಲ್ಲ. ಅವನ ಎದುರು ನಟಿಸಿದವರಿಗೆ ಮಾತ್ರ ಪ್ರಶಸ್ತಿ ಮೇಲೆ ಪ್ರಶಸ್ತಿ ಬಂತು. ಹೀಗೇಕೆ ಎಂದು ಯಾರೂ ವಿಚಾರಿಸಲಿಲ್ಲ.

ಶಿಷ್ಯ ಡೂಗಲ್. ಮೂವತ್ತು ವರ್ಷ. ನೋಡಲು ಚೆನ್ನಾಗಿದ್ದ, ಅದು ಅವನಿಗೂ ಗೊತ್ತಿತ್ತು.

ನದಿ ದಂಡೆಯಲ್ಲಿದ್ದ ಮುರ್ಡೊನ ಮನೆಗೆ ಎರಡು ವರ್ಷ ಬಂದು ಕಲಿತ. ಅಲ್ಲಿ ಇದ್ದದ್ದು ಒಂದೇ ಪಾಠ. ಮುರ್ಡೊ ತಾನು ಬೆಳಿಗ್ಗೆ ಗಂಜಿ ಕಾಯಿಸಿದ ಕಥೆ ಹೇಳುತ್ತಿದ್ದ, ಶಿಷ್ಯ ಅವನ ಮುಖ ನೋಡುತ್ತ ಸುಮ್ಮನೆ ಕೇಳಬೇಕಿತ್ತು. ಅಳುವುದನ್ನು ಯಾವಾಗ ಹೇಳಿಕೊಡುತ್ತೀರಿ ಎಂದು ಡೂಗಲ್ ಆಗಾಗ ಗೊಣಗುತ್ತಿದ್ದ. ಗುರು ಇನ್ನೊಂದು ದಿನದ ಗಂಜಿಯ ಕಥೆ ತೆಗೆಯುತ್ತಿದ್ದ.

ಕೊನೆಗೆ ಡೂಗಲ್ ಒಂದು ಚಿತ್ರಕ್ಕೆ ನಾಯಕನಾದ. ಅದರಲ್ಲೇ ಮುರ್ಡೊಗೆ ಅಂಬಿಗನ ಪಾತ್ರ ಸಿಕ್ಕಿತು. ಒಂದೇ ಮಾತು, ಒಂದೇ ಕ್ಲೋಸಪ್. ಆರು ವರ್ಷದ ಮೇಲೆ ಸಿಕ್ಕ ಕ್ಲೋಸಪ್ ಅದು. ಅದಕ್ಕಾಗಿ ಮುದುಕ ಒಂದು ವಾರ ದೋಣಿ ನಡೆಸುವುದನ್ನು ಕಲಿತಿದ್ದ.

ಆ ದಿನ ನದಿ ದಂಡೆಯಲ್ಲಿ ಚಿತ್ರೀಕರಣ. ಇಪ್ಪತ್ತು ವರ್ಷದ ಮೇಲೆ ಮಗ ತನ್ನ ತಾಯಿಯನ್ನು ಹುಡುಕಿಕೊಂಡು ಬಂದು, ಯಾಕೆ ಬಿಟ್ಟು ಹೋದೆ ಎಂದು ಕೇಳುವ ದೃಶ್ಯ. ಮಗ ಡೂಗಲ್. ತಾಯಿ ಇಶ್ಬೆಲ್ ಎಂಬ ಹಿರಿಯ ನಟಿ. ಅರವತ್ತಾರು ವರ್ಷದ ಆಕೆಗೆ ಇಡೀ ಚಿತ್ರದಲ್ಲಿ ಇದ್ದದ್ದು ಇದೊಂದೇ ದೃಶ್ಯ.

ಇಂಥ ದೃಶ್ಯವನ್ನು ಎರಡು ಸಲ ತೆಗೆಯುತ್ತಾರೆ. ಮೊದಲು ಒಬ್ಬರ ಮುಖ, ಆಮೇಲೆ ಕ್ಯಾಮೆರಾ ತಿರುಗಿಸಿ ಇನ್ನೊಬ್ಬರದು. ಯಾರ ಮುಖ ತೆಗೆಯುತ್ತಿಲ್ಲವೋ ಅವರು ಕ್ಯಾಮೆರಾದ ಪಕ್ಕ ನಿಂತು ತಮ್ಮ ಮಾತು ಹೇಳಬೇಕು. ಚಿತ್ರದಲ್ಲಿ ಅವರು ಕಾಣುವುದಿಲ್ಲ.

ಮೊದಲು ಡೂಗಲ್‌ನ ಸರದಿ. ಇಶ್ಬೆಲ್ ಕ್ಯಾಮೆರಾದ ಪಕ್ಕ, ಒದ್ದೆ ಕಲ್ಲುಗಳ ಮೇಲೆ ಎರಡು ಗಂಟೆ ನಿಂತಳು. ಪ್ರತಿ ಸಲವೂ ತನ್ನ ಮುಖವನ್ನೇ ತೆಗೆಯುತ್ತಿದ್ದಾರೆ ಎಂಬಂತೆ ನಡುಗುತ್ತ ಮಾತು ಹೇಳಿದಳು. ಅವಳನ್ನು ನೋಡಿ ಡೂಗಲ್‌ಗೆ ಅಳು ಉಕ್ಕಿ ಬಂತು. ಎಲ್ಲರೂ ಅವನಿಗೆ ಚಪ್ಪಾಳೆ ತಟ್ಟಿದರು.

ಕ್ಯಾಮೆರಾ ಇಶ್ಬೆಲ್ ಕಡೆ ತಿರುಗಿತು. ಡೂಗಲ್ ಬಿಸಿ ಚಹಾ ಹಿಡಿದು ವ್ಯಾನ್ ಹತ್ತಿ ಬಾಗಿಲು ಎಳೆದುಕೊಂಡ.

ಅವನು ನಿಲ್ಲಬೇಕಾದಲ್ಲಿ ಒಂದು ಕೋಲು ನಿಲ್ಲಿಸಿದರು. ಅದಕ್ಕೆ ಕೆಂಪು ಟೇಪು ಅಂಟಿಸಿ, ಮಗನ ಕಣ್ಣು ಇಲ್ಲಿದೆ ಅಂದುಕೊಳ್ಳಿ ಎಂದರು. ಮಗನ ಮಾತನ್ನು ಸಹಾಯಕಿಯೊಬ್ಬಳು ಬಸ್ಸಿನ ವೇಳಾಪಟ್ಟಿ ಓದಿದ ಹಾಗೆ ಓದಿದಳು. ಆ ಟೇಪಿನ ಎದುರು ತಾಯಿಯಾಗಲು ಇಶ್ಬೆಲ್ ಹೆಣಗಿದಳು. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ನಾಲ್ಕು ಸಲ ತೆಗೆದರೂ ಸರಿಬರಲಿಲ್ಲ. ಬೆಳಕು ಇನ್ನು ಅರ್ಧ ಗಂಟೆಯಷ್ಟೇ ಇತ್ತು, ಅದು ಅಂಬಿಗನ ಕ್ಲೋಸಪ್ಪಿಗೆ ಮೀಸಲು. ಮರುದಿನ ತಂಡ ಬೇರೆ ಊರಿಗೆ ಹೊರಡಬೇಕು. ನಿರ್ದೇಶಕಿ ಯೋಚಿಸಿ, ತಾಯಿಯ ಮುಖ ಬೇಡ, ದೃಶ್ಯದುದ್ದಕ್ಕೂ ಮಗನನ್ನೇ ತೋರಿಸೋಣ ಎಂದಳು.

ಇಶ್ಬೆಲ್ ಶಾಲು ಹೊದ್ದುಕೊಂಡು ಆಗಲಿ ಎಂದಳು. ಟೇಪಿನ ಜೊತೆ ಮಾತಾಡುವುದು ತನಗೇನೂ ಹೊಸದಲ್ಲ ಎಂದೂ ಹೇಳಿದಳು.

ದೋಣಿಯಲ್ಲಿ ಕಾಯುತ್ತಿದ್ದ ಮುರ್ಡೊ ಹುಟ್ಟು ಬಿಸಾಡಿ ಎದ್ದ. ನೇರ ನಿರ್ದೇಶಕಿಯ ಬಳಿ ಹೋಗಿ, ತನ್ನ ಕ್ಲೋಸಪ್ ಕಿತ್ತುಹಾಕಿ ಆ ಅರ್ಧ ಗಂಟೆಯನ್ನು ಆಕೆಗೆ ಕೊಡಿ ಎಂದ. ಹಾಗಾದರೆ ದೋಣಿ ನಡೆಸುವಾಗಿನ ನಿಮ್ಮ ಬೆನ್ನು ಮಾತ್ರ ಚಿತ್ರದಲ್ಲಿ ಉಳಿಯುತ್ತದಲ್ಲ ಎಂದಳು ನಿರ್ದೇಶಕಿ. ಬೆನ್ನೇ ಸಾಕು ಎಂದ.

ಆಮೇಲೆ ವ್ಯಾನಿನ ಬಾಗಿಲನ್ನು ದಡಾರನೆ ತೆರೆದ.

"ಇಳಿ."

"ನನ್ನ ಕೆಲಸ ಮುಗೀತಲ್ಲ, ಗುರುಗಳೇ."

ಮುರ್ಡೊ ಶಿಷ್ಯನ ಕೈಯಿಂದ ಲೋಟ ಕಿತ್ತುಕೊಂಡು ಚಹಾವನ್ನು ಕಲ್ಲುಗಳ ಮೇಲೆ ಸುರಿದ. ನಲವತ್ತು ಜನ ನೋಡುತ್ತಿದ್ದರು.

"ಎರಡು ಗಂಟೆ ಆಕೆ ಚಳಿಯಲ್ಲಿ ನಿಂತಿದ್ದು ನಿನಗೋಸ್ಕರ," ಎಂದ. "ಆಗ ನೀನು ಅತ್ತಿದ್ದೆಯಲ್ಲ, ಆ ಅಳು ಎಲ್ಲಿಂದ ಬಂತು ಅಂದ್ಕೊಂಡಿದ್ದೀಯ?"

ಡೂಗಲ್‌ನ ಮುಖ ಕೆಂಪಾಯಿತು. ಇಷ್ಟು ಜನರ ಮುಂದೆ ಅವನ ಮರ್ಯಾದೆ ಯಾರೂ ತೆಗೆದಿರಲಿಲ್ಲ. ಇಳಿದು ಬಂದು, ಕೋಲನ್ನು ಒದ್ದು ಬೀಳಿಸಿ, ಕ್ಯಾಮೆರಾದ ಪಕ್ಕ ನಿಂತ. ನಿರ್ದೇಶಕಿ ಶುರು ಎಂದಳು.

ಅವನಿಗೆ ಅಳು ಬರಲಿಲ್ಲ. ಹಲ್ಲು ಕಚ್ಚಿಕೊಂಡು, ಗುರುವಿನ ಮೇಲಿದ್ದ ಸಿಟ್ಟನ್ನೆಲ್ಲ ಇಶ್ಬೆಲ್ ಮೇಲೆ ಹಾಕಿದ.

"ಯಾಕೆ ಬಿಟ್ಟು ಹೋದೆ?"

ಇಶ್ಬೆಲ್ ಬೆಚ್ಚಿದಳು. ಅವನ ಮುಖವನ್ನೇ ನೋಡಿದಳು. ಬರೆದುಕೊಟ್ಟ ಮಾತನ್ನೇ ಹೇಳಿದರೂ ಅದು ಆಗ ತಾನೇ ಬಾಯಿಗೆ ಬಂದಂತಿತ್ತು.

"ಆ ದಿನ ನೀನು ಅಳ್ತಾ ಇರ್ಲಿಲ್ಲ ಕಣೋ. ಅತ್ತಿದ್ರೆ ನಾನು ಹೋಗ್ತಾನೇ ಇರ್ಲಿಲ್ಲ."

ನಿರ್ದೇಶಕಿ ನಿಲ್ಲಿಸಿ ಎನ್ನುವುದನ್ನು ಮರೆತಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಷ್ಟರಲ್ಲಿ ಬೆಳಕು ಹೋಯಿತು.

ಮುರ್ಡೊ ದೋಣಿ ಕಟ್ಟುತ್ತಿದ್ದ. ಅವನ ಕೋಪ ಇನ್ನೂ ಇಳಿದಿರಲಿಲ್ಲ. ಡೂಗಲ್ ಹಿಂದೆ ಬಂದು ನಿಂತ. ಅವನ ಕೋಪವೂ ಹಾಗೇ ಇತ್ತು.

"ನನ್ನ ಜನ್ಮದಲ್ಲಿ ಇಷ್ಟು ಚೆನ್ನಾಗಿ ಮಾಡಿರ್ಲಿಲ್ಲ," ಎಂದ. "ಮೊದಲು ಮಾಡಿದ್ದು ಇದರ ಮುಂದೆ ಏನೂ ಅಲ್ಲ. ನಿಮ್ಮಿಂದಾಗಿ ಎಲ್ಲಾ ದಂಡವಾಯ್ತು. ಕ್ಯಾಮೆರಾ ನನ್ನ ಮೇಲೆ ಇರ್ಲೇ ಇಲ್ಲ."

ಮುರ್ಡೊ ಹಗ್ಗದ ಗಂಟು ಬಿಗಿದ. ತಿರುಗಿ ನೋಡದೆ ಹೇಳಿದ:

"ಇತ್ತು ಕಣೋ. ಹೋಗಿ ಅವಳ ಮುಖ ನೋಡು."