ಮಲ್ಲೆಕುಂಟೆಯ ಹೂವಿನ ಗಾಡಿ ಎಬ್ಬಿಸಿದ ಹಲೀಮಮ್ಮ

ಬಹಳ ಹಿಂದೆ ಗುಡ್ಡದ ಬುಡದಲ್ಲಿ ಮಲ್ಲೆಕುಂಟೆ ಅಂತ ಒಂದೂರು ಇತ್ತು. ಎಷ್ಟು ಹಿಂದೆ ಅಂದರೆ ಇಸವಿ ಹೇಳೋರು ಈಗ ಯಾರೂ ಉಳಿದಿಲ್ಲ. ಊರೇನೋ ಈಗಲೂ ಇದೆ. ಆಗ ಅಲ್ಲಿ ಹೂವು ಬೆಳೆಯದ ಮನೆಯೇ ಇರಲಿಲ್ಲವಂತೆ. ಸೇವಂತಿಗೆ, ಕನಕಾಂಬರ, ಕಾಕಡ. ನಸುಕಿಗೇ ಕಿತ್ತು, ಕುಕ್ಕೆಗೆ ತುಂಬಿ, ಮೇಲೆ ನೀರು ಚಿಮುಕಿಸಿ, ಒದ್ದೆ ಗೋಣಿ ಹೊದಿಸಿ ಪೇಟೆಗೆ ಕಳಿಸೋರು. ಹೂವಿನ ಮಾರ್ಕೆಟ್ಟು ಬಿಸಿಲು ಏರೋ ಹೊತ್ತಿಗೇ ಮುಗಿದುಹೋಗುತ್ತೆ. ತಡವಾಗಿ ಹೋದ ಹೂವನ್ನು ಯಾರೂ ಕೇಳಲ್ಲ.

ಊರಿಗೆಲ್ಲ ಇದ್ದದ್ದು ಒಂದೇ ಗಾಡಿ, ಪಿಳ್ಳಪ್ಪನ ಹಳೇ ಡೀಸೆಲ್ ಪಿಕಪ್ಪು. ಬಣ್ಣ ಯಾವುದಿತ್ತು ಅಂತ ಗುರುತು ಸಿಗದಷ್ಟು ಹಳೇದು. ಆದರೆ ಎಷ್ಟು ಹೇರಿದರೂ ಹೊರೋದು, ಅದಕ್ಕೇ ಜನ ಅದನ್ನ ಬಸವ ಅಂತ ಕರೆಯೋರು. ಪಿಳ್ಳಪ್ಪನೂ ಹಾಗೇ ನೋಡಿಕೊಳ್ಳೋನು. ಸಂಜೆ ತೊಳೆದು, ಮನೆ ಮುಂದಿನ ಅಂಗಳದಲ್ಲಿ ಅದರ ಮುಖವನ್ನ ರಸ್ತೆ ಕಡೆ ಮಾಡಿ ನಿಲ್ಲಿಸಿ, ಒಂದು ಸಲ ಬೆನ್ನು ತಟ್ಟಿ ಒಳಗೆ ಹೋಗೋನು ಅಂತಾರೆ.

ಒಂದು ವರ್ಷ ಬಸವ ಬೆಳಿಗ್ಗೆ ಏಳೋದನ್ನೇ ಬಿಟ್ಟ. ಸೆಲ್ಫ್ ಹೊಡೆದರೆ ಗರಗರ ತಿರುಗೋದು, ಇಂಜಿನ್ನು ಹಿಡಿಯೋದಿಲ್ಲ. ಹೊಡೆದು ಹೊಡೆದು ಬ್ಯಾಟರಿ ಸೋತುಹೋಗೋದು. ಆಮೇಲೆ ಊರ ಗಂಡಸರೆಲ್ಲ ಬಂದು, ಅಂಗಳದಿಂದ ರಸ್ತೆಗೆ ಏರಿಸಿ, ಇಳಿಜಾರಿನಲ್ಲಿ ತಳ್ಳಿದರೆ ಕೆಮ್ಮಿ ಕೆಮ್ಮಿ ಏಳೋದು. ಎದ್ದ ಮೇಲೆ ದಿನವಿಡೀ ಯಾವ ತಕರಾರೂ ಇಲ್ಲ. ಮಾರನೇ ಬೆಳಿಗ್ಗೆ ಮತ್ತೆ ಅದೇ ಕತೆ. ಪಿಳ್ಳಪ್ಪ ಪೇಟೆಯ ಮೆಕ್ಯಾನಿಕ್ಕಿಗೆ ತೋರಿಸಿ ಬ್ಯಾಟರಿ ಬದಲಾಯಿಸಿದ, ಇಂಜಿನ್ನು ಬೆಚ್ಚಗೆ ಮಾಡೋ ಹೀಟರ್ ಪ್ಲಗ್ಗು ಹಾಕಿಸಿದ. ಅವೂ ಹಳೇವೇ ಆಗಿದ್ದವು, ಬದಲಾಯಿಸಿದ್ದು ತಪ್ಪೇನಲ್ಲ. ಕುಂಬಳಕಾಯಿ ಒಡೆದ. ಬಸವ ಏಳಲಿಲ್ಲ.

ಹೂವು ತಡವಾಗಿ ಹೋಗೋದು, ಬಾಡಿ ವಾಪಸ್ಸು ಬರೋದು. ಕೆಲವರು ಕೂಗಾಡೋರು. ಪಿಳ್ಳಪ್ಪ ಅದನ್ನ ತಡಕೊಂಡ. ಅವನಿಗೆ ತಡೆಯೋಕೆ ಆಗದಿದ್ದದ್ದು ಅಕ್ಕಯಮ್ಮನ ಮೌನ. ಅಕ್ಕಯಮ್ಮ ಒಂಟಿ ಮುದುಕಿ. ಮನೆ ಹಿಂದೆ ಅಂಗೈಯಷ್ಟು ಜಾಗದಲ್ಲಿ ಕನಕಾಂಬರ ಹಾಕಿಕೊಂಡಿದ್ದಳು. ವಾಪಸ್ಸು ಬಂದ ಕುಕ್ಕೆ ಇಸಕೊಂಡು, ಒಂದು ಮಾತೂ ಆಡದೆ, ತಿಪ್ಪೆಗೆ ಸುರಿದು ಒಳಗೆ ಹೋಗೋಳು. ಆ ದಿನ ಪಿಳ್ಳಪ್ಪ ಉಣ್ಣದೇ ಮಲಗೋನಂತೆ.

ಆ ಹೊತ್ತಿಗೆ ಪೇಟೆಯ ಹೂವಿನ ಮಂಡಿಯವನೊಬ್ಬ ಬಂದು, ದಿನಾ ನನ್ನ ಲಾರಿ ಕಳಿಸ್ತೀನಿ, ಊರಿನ ಹೂವೆಲ್ಲ ನನಗೇ ಕೊಡಿ, ಬೆಲೆ ಮಾತ್ರ ನಾನು ಹೇಳಿದ್ದು ಅಂದ. ಒಪ್ಪಿದರೆ ಊರು ಅವನ ಕೈಗೆ ಸಿಕ್ಕಿಬೀಳುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ಆದರೆ ಗೌರಿ ಹಬ್ಬ ಹತ್ತಿರ ಬರ್ತಿತ್ತು. ಹಬ್ಬದ ಹೂವು ಹೋಗದಿದ್ದರೆ ವರ್ಷದ ದುಡಿಮೆಯೇ ಹೋದಂಗೆ. ಹಬ್ಬದೊಳಗೆ ಬಸವ ಎದ್ದರೆ ಸರಿ, ಇಲ್ಲದಿದ್ದರೆ ಮಂಡಿಯವನಿಗೆ ಹೂಂ ಅನ್ನೋಣ ಅಂತ ಹಿರಿಯರು ತೀರ್ಮಾನ ಮಾಡಿದರು.

ಆಗ ಯಾರೋ ಹಲೀಮಮ್ಮನ ಹೆಸರು ಹೇಳಿದರು.

ಹಲೀಮಮ್ಮ ಇದ್ದದ್ದು ಗುಡ್ಡದ ಆಚೆ, ಸೇತುವೆ ಪಕ್ಕದಲ್ಲಿ. ಅವಳ ಅಪ್ಪ ಬಾವಿಗೆ ಇಳಿಸೋ ಡೀಸೆಲ್ ಪಂಪುಗಳ ಮಿಸ್ತ್ರಿ. ತಾಯಿಲ್ಲದ ಮಗು ಅಂತ ಹೋದಲ್ಲೆಲ್ಲ ಜೊತೆಗೇ ಕರಕೊಂಡು ಹೋಗೋನು. ಇಂಜಿನ್ನಿನ ಸದ್ದು ಕೇಳಿಕೊಂಡೇ ಅವಳು ಬೆಳೆದಳು, ಅಪ್ಪ ಹೋದ ಮೇಲೆ ಅವನ ಸ್ಪ್ಯಾನರ್ ಪೆಟ್ಟಿಗೆ ಅವಳದಾಯಿತು. ಮೂರು ಊರಾಚೆ ಕೆಟ್ಟ ಗಾಡಿಯ ವಾಸನೆ ಅವಳಿಗೆ ಬರುತ್ತಿತ್ತು ಅಂತಾರೆ. ಸತ್ತ ಇಂಜಿನ್ನಿನ ಕಿವಿಯಲ್ಲಿ ಏನೋ ಹೇಳಿ ಎಬ್ಬಿಸುತ್ತಿದ್ದಳು ಅಂತಲೂ ಅಂತಾರೆ. ಅನ್ನೋರಿಗೇನು, ಅಂತಾರೆ. ಬಸವನನ್ನ ಓಡಿಸಿಕೊಂಡು ಗುಡ್ಡ ದಾಟಿ ಹೋದ ಪಿಳ್ಳಪ್ಪ ಕಂಡದ್ದು ಸೆರಗು ಸೊಂಟಕ್ಕೆ ಬಿಗಿದು ಜೀಪೊಂದರ ಕೆಳಗೆ ಮಲಗಿದ್ದ ಒಬ್ಬ ಹೆಂಗಸನ್ನ.

ಎದ್ದು ಬಂದವಳು ಗಾಡಿಯನ್ನ ಮುಟ್ಟಲೇ ಇಲ್ಲವಂತೆ. ಮೊದಲು ಪಿಳ್ಳಪ್ಪನ್ನ ಕೂರಿಸಿ ಟೀ ಕೊಟ್ಟಳು. ಆಮೇಲೆ ಕೇಳಿದಳು.

"ಯಾವಾಗ ಏಳಲ್ಲಣ್ಣ?"

"ಬೆಳಿಗ್ಗೆ ಹೊತ್ತು ಮಾತ್ರ ಕಣಮ್ಮ."

"ಮಧ್ಯಾಹ್ನ ಆಫ್ ಮಾಡಿ, ಊಟ ಮಾಡಿ ಬಂದರೆ?"

"ಒಂದೇ ಸಲಕ್ಕೆ ಏಳುತ್ತೆ."

"ಬೆಳಿಗ್ಗೆ ಸೆಲ್ಫ್ ಹೊಡೀವಾಗ ಹಿಂದೆ ಹೊಗೆ ಬರುತ್ತಾ?"

ಪಿಳ್ಳಪ್ಪ ಯೋಚನೆ ಮಾಡಿದ. ಇಷ್ಟು ದಿನ ಯಾರೂ ಅದನ್ನ ಕೇಳಿರಲಿಲ್ಲ. "ಇಲ್ಲ. ಒಂಚೂರೂ ಬರಲ್ಲ."

ಹೊಗೆ ಇಲ್ಲ ಅಂದರೆ ಇಂಜಿನ್ನಿಗೆ ಡೀಸೆಲ್ ಎಣ್ಣೆಯೇ ಮುಟ್ಟುತ್ತಿಲ್ಲ, ಉಣ್ಣೋಕೆ ಏನೂ ಸಿಗದೆ ಅದು ಹೇಗೆ ಎದ್ದೀತು ಅಂದಳು ಹಲೀಮಮ್ಮ. ಇಲ್ಲಿ ಬಿಚ್ಚಿ ಪ್ರಯೋಜನವಿಲ್ಲ, ಅದು ಮಲಗೋ ಜಾಗದಲ್ಲೇ ನೋಡಬೇಕು ಅಂತ ಹೇಳಿ, ಪೆಟ್ಟಿಗೆ ಎತ್ತಿಕೊಂಡು ಅವನ ಪಕ್ಕದಲ್ಲೇ ಹತ್ತಿ ಕೂತಳು.

ಮಲ್ಲೆಕುಂಟೆಗೆ ಬಂದವಳು ಅಂಗಳ ನೋಡಿದಳು. ರಸ್ತೆ ಎತ್ತರ, ಅಂಗಳ ತಗ್ಗು. ಬಸವನ ಮುಖ ಮೇಲೆ, ಎಣ್ಣೆ ಟ್ಯಾಂಕಿರೋ ಹಿಂಭಾಗ ಕೆಳಗೆ. ಎಣ್ಣೆ ಪೈಪು ಫಿಲ್ಟರಿಗೆ ಸೇರೋ ಕಡೆ, ಒಳಗಿರೋದು ಹೊರಗೆ ಕಾಣೋ ಅಂಥ ಪೈಪಿನ ತುಂಡೊಂದನ್ನ ಸೇರಿಸಿ ಇಂಜಿನ್ನು ಓಡಿಸಿದಳು. ಪೈಪಿನ ತುಂಬ ಎಣ್ಣೆ ಜೇನಿನಂಗೆ ನಿಂತಿತು. ಬೆಳಗಾಗೋವರೆಗೂ ಯಾರೂ ಮುಟ್ಟಬೇಡಿ ಅಂತ ಹೇಳಿ, ಅಕ್ಕಯಮ್ಮನ ಮನೆಗೆ ಹೋಗಿ ಮಲಗಿದಳು. ಊರಲ್ಲಿ ಕರೆದೋರು ಬೇಕಾದಷ್ಟು ಜನ ಇದ್ದರು, ಅವಳು ಆ ಮನೆಯನ್ನೇ ಯಾಕೆ ಆರಿಸಿಕೊಂಡಳೋ ಗೊತ್ತಿಲ್ಲ. ಅಕ್ಕಯಮ್ಮ ಸಾಯೋವರೆಗೂ ಆ ಮಾತು ಹೇಳಿಕೊಂಡು ಹಿಗ್ಗುತ್ತಿದ್ದಳು ಅಂತಾರೆ.

ಬೆಳಿಗ್ಗೆ ಊರೆಲ್ಲ ಅಂಗಳದಲ್ಲಿ ಸೇರಿತು. ಹಲೀಮಮ್ಮ ಬಾನೆಟ್ಟು ಎತ್ತಿದಳು. ಪೈಪಿನ ತುಂಡು ಖಾಲಿ.

"ನೋಡಿ, ಎಳನೀರು ಕುಡಿಯೋ ಕೊಳವೆಯ ಮೇಲಿನ ಬಾಯಿಗೆ ಬೆರಳಿಟ್ಟರೆ ಒಳಗಿನ ನೀರು ನಿಲ್ಲುತ್ತೆ. ಬೆರಳು ತೆಗೆದರೆ ಇಳಿದುಹೋಗುತ್ತೆ. ಇಲ್ಲೂ ಹಾಗೇನೆ, ಎಲ್ಲೋ ಗಾಳಿ ನುಗ್ಗುತ್ತಿದೆ. ಎಣ್ಣೆಯೆಲ್ಲ ಹಿಂದಕ್ಕೆ ಜಾರಿ ಟ್ಯಾಂಕು ಸೇರುತ್ತಿದೆ."

ಆಮೇಲೆ ಗಾಡಿ ಕೆಳಗೆ ಗೋಣಿ ಹಾಸಿ ಮಲಗಿದಳು. ಆ ಹೊತ್ತು ಇರುವೆ ಉಸಿರಿನಷ್ಟು ಸಣ್ಣ ಸದ್ದನ್ನ ಅವಳು ಕಿವಿಯಿಂದಲೇ ಹಿಡಿದಳು ಅಂತಾರೆ. ಪಿಳ್ಳಪ್ಪ ಹಾಗೆ ಹೇಳುತ್ತಿರಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡು, ಎಣ್ಣೆ ಪೈಪನ್ನ ಫಿಲ್ಟರಿನಿಂದ ಹಿಡಿದು ಬೆರಳಲ್ಲೇ ಸವರುತ್ತಾ ಸವರುತ್ತಾ ಟ್ಯಾಂಕಿನ ಕಡೆ ಹೋದಳು, ಜಡೆ ಬಿಡಿಸೋ ತಾಯಿಯಂಗೆ, ಅನ್ನುತ್ತಿದ್ದ. ಹೂವಿನ ಕುಕ್ಕೆ ಇಡೋ ಜಾಗದ ನೇರ ಕೆಳಗೆ ಅವಳ ಬೆರಳು ನಿಂತಿತು. ಬಾ ಅಣ್ಣ, ನೀನೂ ಮುಟ್ಟಿ ನೋಡು ಅಂದಳು. ಪಿಳ್ಳಪ್ಪ ತೆವಳಿ ಹೋಗಿ ಮುಟ್ಟಿದ. ರಬ್ಬರ್ ಪೈಪಿನ ಮೇಲ್ಬದಿಯಲ್ಲಿ, ಕಣ್ಣಿಗೆ ಕಾಣದ ಕಡೆ, ಕೂದಲೆಳೆಯಷ್ಟು ಬಿರುಕು. ಬಿಗಿ ಹಿಡಿಯಬೇಕಾದ ಕ್ಲಿಪ್ಪು ತುಕ್ಕು ಹಿಡಿದು ಸಡಿಲವಾಗಿ ಕೂತಿತ್ತು.

ಕುಕ್ಕೆಗಳಿಗೆ ಚಿಮುಕಿಸಿದ ನೀರು ವರ್ಷಗಟ್ಟಲೆ ಅಲ್ಲೇ ತೊಟ್ಟಿಕ್ಕಿತ್ತು. ಹೂವು ಬಾಡಬಾರದು ಅಂತ ಹಾಕಿದ ನೀರು.

ಹಲೀಮಮ್ಮ ಅದನ್ನ ಹೇಳಿದಾಗ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಯ್ಯೋ, ನಾವೇ ಮಾಡಿದ್ದಾ ಅಂದಳು ಅಕ್ಕಯಮ್ಮ. ಹಲೀಮಮ್ಮ ನಕ್ಕುಬಿಟ್ಟಳು. "ನೀವು ನೀರು ಹಾಕಲೇಬೇಕು ಕಣವ್ವ, ಹೂವಲ್ವಾ. ಕೆಳಗೆ ಒಂದು ತಗಡು ಹೊಡೆಸಿದರೆ ಆಯ್ತು."

ಕೆಟ್ಟ ಪೈಪು ಕತ್ತರಿಸಿ ಹೊಸದು ಹಾಕಿದಳು, ಹೊಸ ಕ್ಲಿಪ್ಪು ಬಿಗಿದಳು. ಫಿಲ್ಟರಿನ ಮೇಲಿನ ಕೈಪಂಪು ಒತ್ತಿ ಒತ್ತಿ, ಗುಳ್ಳೆ ಬರೋದು ನಿಂತು ಬರೀ ಎಣ್ಣೆ ಬರೋವರೆಗೂ ಗಾಳಿ ತೆಗೆದಳು. ಬಸವ ಎದ್ದ. ಜನ ಕೂಗಿದರು. ಅವಳು ಮಾತ್ರ ಕೈ ಅಡ್ಡ ಮಾಡಿದಳು. ಈಗ ಎದ್ದಿದ್ದು ಲೆಕ್ಕಕ್ಕಿಲ್ಲ, ನಾಳೆ ಬೆಳಿಗ್ಗೆ ಏಳಬೇಕು ಅಂದಳು. ಬೇಕಂತಲೇ ಅದೇ ತಗ್ಗಿನಲ್ಲಿ, ಹಾಗೇ ಮುಖ ಮೇಲೆ ಮಾಡಿಸಿ ನಿಲ್ಲಿಸಿದಳು.

ಮಾರನೇ ದಿನ ಗೌರಿ ಹಬ್ಬದ ಹಿಂದಿನ ದಿನ. ನಸುಕಿಗೇ ಕುಕ್ಕೆಗಳೆಲ್ಲ ಬಂದವು. ಪಿಳ್ಳಪ್ಪ ಸೀಟಿನ ಮೇಲೆ ಕೂತ, ಕೀಲಿ ತಿರುಗಿಸೋಕೆ ಕೈ ಬರಲಿಲ್ಲ. ಹಲೀಮಮ್ಮ ಕಿಟಕಿ ಹತ್ತಿರ ಬಂದು, "ಪೈಪು ತುಂಬಿದೆ ಅಣ್ಣ, ನಾನು ನೋಡಿದೀನಿ. ತಿರುಗಿಸು" ಅಂದಳು.

ತಿರುಗಿಸಿದ. ಒಂದೇ ಸಲಕ್ಕೆ ಎದ್ದ ಬಸವ.

ಆ ಸದ್ದಿಗೆ ಗುಡ್ಡದ ಹಕ್ಕಿಗಳೆಲ್ಲ ಎದ್ದು ಹಾರಿದವು ಅಂತಾರೆ. ಪೇಟೆಯ ಮಂಡಿಯವನಿಗೂ ಅದು ಕೇಳಿಸಿತು ಅಂತಾರೆ. ಅದೆಲ್ಲ ಇರಲಿ. ಪಿಳ್ಳಪ್ಪ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಮಗುವಿನಂಗೆ ಅತ್ತದ್ದು ಮಾತ್ರ ನಿಜ. ಅಕ್ಕಯಮ್ಮನ ಕುಕ್ಕೆ ಅವತ್ತು ಎಲ್ಲಕ್ಕಿಂತ ಮೊದಲು ಗಾಡಿ ಹತ್ತಿತು.

ಹೊರಡೋ ಮುಂಚೆ ಊರ ಹಿರಿಯರು ಹಲೀಮಮ್ಮನ ಮುಂದೆ ಕೈಮುಗಿದು ನಿಂತರು. ನಿನ್ನ ಋಣ ಹೇಗೆ ತೀರಿಸೋದು ತಾಯಿ, ಏನು ಬೇಕು ಕೇಳು ಅಂದರು. ಅವಳು ಅಪ್ಪನ ಸ್ಪ್ಯಾನರ್ ಪೆಟ್ಟಿಗೆ ಮುಚ್ಚಿ ಎತ್ತಿಕೊಂಡಳು. ಆಮೇಲೆ ಹೇಳಿದಳು: "ಬೆರಳಲ್ಲಿ ನೋಡೋದನ್ನ ಕಲಿಸಿದ್ದು ನಮ್ಮಪ್ಪ. ಸೇತುವೆ ಹತ್ತಿರ ಅವನ ಗೋರಿ ಇದೆ. ಅದಕ್ಕೆ ಒಂದು ಹೂವಿನ ಚಾದರ ಹೊದಿಸಬೇಕು ಅಂತ ಬಹಳ ದಿನದಿಂದ ಆಸೆ."

ಊರಿನ ಹೆಂಗಸರೆಲ್ಲ ಅಲ್ಲೇ ಕೂತು ಕಟ್ಟಿದರು. ಹಬ್ಬದ ಹೂವು, ಪೇಟೆಗೆ ಹೋಗಬೇಕಾದ ಹೂವು, ಯಾರೂ ಹಿಂದೆಮುಂದೆ ನೋಡಲಿಲ್ಲ. ಎಷ್ಟೊಂದು ಕೈ ಸೇರಿದ್ದವೆಂದರೆ ಬೆಳಕು ಬೀಳೋಕೆ ಮುಂಚೆಯೇ ಚಾದರ ಮುಗಿದಿತ್ತು. ಬಸವ ಗುಡ್ಡ ದಾಟಿ, ಸೇತುವೆ ಹತ್ತಿರ ನಿಂತು, ಗೋರಿಗೆ ಹೂವು ಹೊದಿಸಿ, ಅಲ್ಲಿಂದ ಪೇಟೆ ಸೇರಿದ. ಅವತ್ತಿನ ಮಾರ್ಕೆಟ್ಟಿನಲ್ಲಿ ಮಲ್ಲೆಕುಂಟೆಯ ಒಂದು ಹೂವೂ ಉಳಿಯಲಿಲ್ಲವಂತೆ. ಮಂಡಿಯವನ ಲಾರಿ ಆ ಊರ ದಾರಿ ಹಿಡಿಯಲೇ ಇಲ್ಲ.

ಈಗ ಪಿಳ್ಳಪ್ಪ ಇಲ್ಲ, ಅಕ್ಕಯಮ್ಮ ಇಲ್ಲ, ಬಸವನೂ ಇಲ್ಲ. ಹಲೀಮಮ್ಮ ಅಪ್ಪನ ಪಕ್ಕದಲ್ಲೇ ಮಲಗಿದ್ದಾಳೆ. ಊರಲ್ಲಿ ಈಗ ಬೇಕಾದಷ್ಟು ಗಾಡಿಗಳಿವೆ, ಓಡಿಸೋರು ಅವಳ ಮುಖವನ್ನೇ ಕಾಣದ ಹುಡುಗರು. ಆದರೂ ಪ್ರತಿ ಗೌರಿ ಹಬ್ಬದ ಹಿಂದಿನ ಬೆಳಿಗ್ಗೆ ಮಲ್ಲೆಕುಂಟೆಯ ಹೂವಿನ ಗಾಡಿಗಳೆಲ್ಲ ಸೇತುವೆ ಹತ್ತಿರ ಸಾಲಾಗಿ ನಿಲ್ಲುತ್ತವೆ. ಎಷ್ಟೇ ಅವಸರವಿದ್ದರೂ ಇಂಜಿನ್ನು ಆಫ್ ಮಾಡುತ್ತಾರೆ. ಎರಡು ಗೋರಿಗೂ ಹೂವು ಹೊದಿಸಿ, ಒಂದು ಗಳಿಗೆ ಕೈಮುಗಿದು ನಿಂತಿರುತ್ತಾರೆ. ಆಮೇಲೆ ಎಲ್ಲರೂ ಹತ್ತಿ ಕೂತು, ಒಟ್ಟಿಗೆ ಕೀಲಿ ತಿರುಗಿಸುತ್ತಾರೆ.