ರಾಣಿಗಿಂತ ಮುಂಚೆ ಉಂಡವಳು

ಸಿರಿಗಿರಿಯ ರಾಣಿ ಮಾಳಲಾಂಬೆ ದೈವಭಕ್ತೆ. ಅರಮನೆಯಲ್ಲಿ ದುಡಿಯುವವರೆಲ್ಲ ಉಂಡ ಮೇಲೆಯೇ ತಾನು ಉಣ್ಣುವುದು ಅವಳ ನೇಮ. ದಿನವೂ ಮಧ್ಯಾಹ್ನ ಸಖಿ ಚೆನ್ನಾಜಮ್ಮ ಅಡುಗೆಮನೆಯಲ್ಲಿ ವಿಚಾರಿಸಿ ಬಂದು, "ಎಲ್ಲರದೂ ಆಯಿತು, ತಾಯಿ" ಎನ್ನುವಳು. ಆಮೇಲೆಯೇ ರಾಣಿ ದೇವರಿಗೆ ಕೈಮುಗಿದು ಎಲೆಯ ಮುಂದೆ ಕೂರುವಳು.

ಚೆನ್ನಾಜಮ್ಮ ಸೇನೆ ನಡೆಸುವ ದಳವಾಯಿಯ ಮಗಳು. ತಾಯಿಯಿಲ್ಲದ ಅವಳನ್ನು ರಾಣಿಯೇ ಹತ್ತಿರ ಕರೆದು ಸಾಕಿದ್ದಳು. ಆ ಋಣವನ್ನು ಅವಳು ಒಂದು ದಿನವೂ ಮರೆತವಳಲ್ಲ. ನಾಲಿಗೆ ಮಾತ್ರ ಸ್ವಲ್ಪ ಹರಿತ.

ಒಮ್ಮೆ ರಾಣಿಗೆ ಜ್ವರ ಬಂತು. ಬಹಳ ದಿನ ಹಾಸಿಗೆ ಹಿಡಿದು, ದೇವರ ದಯೆಯಿಂದ ಎದ್ದು ಕೂತಳು. "ಇವತ್ತು ಹೊತ್ತು ಮೀರದ ಹಾಗೆ ಗಂಜಿ ಕುಡಿಯಬೇಕು, ಮೈಯಲ್ಲಿ ತ್ರಾಣವಿಲ್ಲ" ಎಂದರು ವೈದ್ಯರು. ಚೆನ್ನಾಜಮ್ಮ ಅಡುಗೆಮನೆಗೆ ಓಡಿದಳು.

"ಎಲ್ಲರದೂ ಆಯಿತು ಅಮ್ಮಣ್ಣಿ, ಹೂವಿನ ಕಾಳಮ್ಮ ಒಬ್ಬಳು ಬಂದಿಲ್ಲ" ಎಂದ ಅಡುಗೆಯ ಸೂರಪ್ಪ. "ಮುದುಕಿಗೆ ಸಿಟ್ಟು ಬಂದಿದೆ. ಆಯಿತು ಅಂದುಬಿಡಿ. ನಾನು ಹೇಳಲ್ಲ, ನನ್ನ ಸೌಟು ಹೇಳಲ್ಲ."

ಸಿಟ್ಟಿನ ಕಾರಣ ಚೆನ್ನಾಜಮ್ಮನಿಗೆ ಗೊತ್ತಿತ್ತು. ಬೆಳಿಗ್ಗೆ ಪೂಜೆಯ ಮಾಲೆ ತಡವಾಗಿ ಬಂದಾಗ, "ದಂಡದ ಕೂಳು ತಿನ್ನೋದಕ್ಕೆ ಅರಮನೆಗೆ ಬರ್ತೀಯಾ?" ಎಂದು ಕಾಳಮ್ಮನನ್ನು ಗದರಿದವಳು ಅವಳೇ.

ಒಳಗೆ ರಾಣಿ ಗೋಡೆಗೊರಗಿ ಕಣ್ಣು ಮುಚ್ಚಿದ್ದಳು. ಒಂದು ಮಾತು ಸುಳ್ಳು ಹೇಳಿದರೆ ಗಂಜಿ ಅವಳ ಹೊಟ್ಟೆ ಸೇರುತ್ತದೆ. ಪ್ರೀತಿಯಿಂದ ಹೇಳಿದ ಸುಳ್ಳಲ್ಲವೇ ಎಂದಿತು ಚೆನ್ನಾಜಮ್ಮನ ಮನಸ್ಸು. ಬಾಗಿಲವರೆಗೂ ಹೋದಳು. ಆದರೆ ಭಗವಂತ ದೊಡ್ಡವನು, ಆ ನಾಲಿಗೆಯನ್ನು ಅಲ್ಲೇ ಹಿಡಿದ. ಅವಳು ತಿರುಗಿ ಹೂದೋಟಕ್ಕೆ ಹೋದಳು.

ಕಾಳಮ್ಮ ಮರದಡಿ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ರಾಣಿ ಹಸಿದಿದ್ದಾಳೆ ಎಂದರೆ ಸಾಕು, ಮುದುಕಿ ಎದ್ದು ಬರುತ್ತಿದ್ದಳು. ಚೆನ್ನಾಜಮ್ಮ ಹಾಗೆನ್ನಲಿಲ್ಲ. ಅವಳೆದುರು ನೆಲದ ಮೇಲೆ ಕೂತಳು.

"ತಪ್ಪು ನನ್ನದು ಕಾಳವ್ವ. ಆಡಬಾರದ ಮಾತು ಆಡಿದೆ. ಹೊಟ್ಟೆಗೆ ಹಾಕ್ಕೋ."

ಕಾಳಮ್ಮ ತಲೆ ಎತ್ತಲಿಲ್ಲ. "ದಳವಾಯಿ ಮಗಳು ಮಣ್ಣಲ್ಲಿ ಕೂತ್ರೆ ಪಟ್ಟೆಸೀರೆ ಹಾಳಾಯ್ತದೆ. ಎದ್ದೇಳಿ."

"ನೀನು ಊಟಕ್ಕೆ ಎದ್ದರೆ ನಾನೂ ಏಳ್ತೀನಿ."

"ಮೊಮ್ಮಗಳಿಗೆ ಮೈ ಬೆಚ್ಚಗಿತ್ತು, ಅದಕ್ಕೇ ತಡ ಆಯ್ತು. ಕೇಳಿದ್ರೆ ಹೇಳ್ತಿದ್ದೆ."

"ಕೇಳಲಿಲ್ಲ ನಾನು" ಎಂದಳು ಚೆನ್ನಾಜಮ್ಮ. ಅವಳ ಕಣ್ಣು ತುಂಬಿತು.

ಮುದುಕಿ ಆಗ ಮುಖ ನೋಡಿದಳು. ಸೆರಗಿನಿಂದ ಅವಳ ಕೆನ್ನೆ ಒರೆಸಿದಳು. "ಆಯ್ತು ಬಿಡವ್ವ. ಅಮ್ಮನೋರು ಗಂಜಿ ಕುಡಿದ್ರಾ?"

"ಇನ್ನೂ ಇಲ್ಲ."

"ಅಯ್ಯೋ ಶಿವನೇ, ಜ್ವರದಾಗೂ ನೇಮ ಬಿಟ್ಟಿಲ್ವಾ? ಇಷ್ಟೊತ್ತು ಸೀರೆ ಮಾತು ಆಡಿಸ್ತಾ ಕೂತಿದ್ದೀರಲ್ಲ" ಎಂದು ಮುದುಕಿಯೇ ಮುಂದೆ ನಡೆದಳು. ಚೆನ್ನಾಜಮ್ಮ ತಾನೇ ಎಲೆ ಹಾಕಿ ಬಡಿಸಿದಳು.

ಆಮೇಲೆ ರಾಣಿಯ ಬಳಿ ಹೋಗಿ, ಬೆಳಿಗ್ಗೆ ಬೈದದ್ದು, ಸುಳ್ಳು ಹೇಳಲು ಹೊರಟದ್ದು, ಎಲ್ಲವನ್ನೂ ಹೇಳಿಕೊಂಡಳು. "ನನ್ನಿಂದ ನಿಮ್ಮ ಗಂಜಿ ತಡವಾಯಿತು, ತಾಯಿ. ಇನ್ನು ಈ ಕೆಲಸ ಬೇರೆಯವರಿಗೆ ಕೊಡಿ."

ರಾಣಿ ಅವಳ ತಲೆಯ ಮೇಲೆ ಕೈಯಿಟ್ಟಳು. "ಹುಚ್ಚು ಹುಡುಗಿ, ಗಂಜಿ ಆರಿದರೆ ಮತ್ತೆ ಬಿಸಿ ಮಾಡಬಹುದು. ನಾನು ಕೂತಲ್ಲೇ ಕೂತು ನಂಬಬಹುದಾದ ಒಂದು ಮಾತನ್ನು ದೇವರು ನಿನ್ನ ಬಾಯಲ್ಲಿ ಇಟ್ಟಿದ್ದಾನೆ. ಅದಕ್ಕೆ ಅವನಿಗೆ ಎಷ್ಟು ಕೈಮುಗಿದರೂ ಸಾಲದು."

ಹಾಗೆಂದು ಕೈಮುಗಿದು, ಬಟ್ಟಲು ಎತ್ತಿಕೊಂಡಳು.

ನೀತಿ: ನಮ್ಮನ್ನು ಸಾಕಿದವರ ಋಣ ಸುಳ್ಳಿನಿಂದ ತೀರುವುದಿಲ್ಲ. ನಮ್ಮ ಮಾತಿನಿಂದ ಯಾರ ಮನಸ್ಸು ನೊಂದಿದೆಯೋ ಮೊದಲು ಅವರ ಬಳಿ ಹೋಗಿ ತಲೆಬಾಗಬೇಕು. ಹಾಗೆ ಬಾಗಿದವರ ಸೇವೆಯನ್ನು ದೇವರೂ ಮೆಚ್ಚುತ್ತಾನೆ.