ಬಿದ್ದ ಮರದ ಗೀರುಗಳು

ಒಂದು ಕಾಡಿನಲ್ಲಿ ಒಂದು ಹೊಳೆ ಇತ್ತು. ಬೇಸಿಗೆಯ ಕೊನೆಗೆ ಅದು ಬತ್ತಿಹೋಗುತ್ತಿತ್ತು. ಆಗ ನೀರು ಉಳಿಯುತ್ತಿದ್ದುದು ಒಂದು ಮಡುವಿನಲ್ಲಿ ಮಾತ್ರ. ಆ ನೀರಿಗಾಗಿ ಮೇಲ್ದಂಡೆಯವರೂ ಕೆಳದಂಡೆಯವರೂ ಬಹಳ ವರ್ಷ ಕಚ್ಚಾಡಿದರು. ಕಡೆಗೆ ಹಿರಿಯರು ಸೇರಿ, ಕಚ್ಚಾಡುವ ಬದಲು ಆಡಿ ಗೆಲ್ಲಿ ಎಂದರು. ಹೊನ್ನೆ ಮರದ ಕೊಂಬೆಗೆ ಬಳ್ಳಿಯ ಬಳೆ ಕಟ್ಟಿದರು. ಬೇಲದ ಕಾಯಿಯನ್ನು ಅದರೊಳಗೆ ಹೆಚ್ಚು ಸಲ ತೂರಿಸಿದ ತಂಡ ಗೆದ್ದಂತೆ. ಒಂದು ಗೆಲುವಿಗೆ ಒಂದು ತಿಂಗಳ ನೀರು. ಅದು ಆಡಿದವರಿಗಷ್ಟೇ ಅಲ್ಲ, ಅವರ ದಂಡೆಯ ಎಲ್ಲರಿಗೂ. ಗೆಲ್ಲದ ದಂಡೆಯವರು ಎರಡು ಗುಡ್ಡ ದಾಟಿ ನೀರಿಗೆ ಹೋಗಬೇಕಿತ್ತು.

ಇನ್ನೊಂದು ನಿಯಮವೂ ಇತ್ತು. ಕಿರಿಯರಿಗೂ ಅವಕಾಶ ಸಿಗಲೆಂದು, ಯಾರೂ ನಾಲ್ಕು ವರ್ಷಕ್ಕಿಂತ ಹೆಚ್ಚು ಆಡುವಂತಿರಲಿಲ್ಲ. ಒಂದು ವರ್ಷ ಆಡಿದವರು ತಾವಿರುವ ಜಾಗದ ಮರಕ್ಕೆ ಒಂದು ಗೀರು ಹಾಕಬೇಕು. ಗೀರು ಎಣಿಸುವ ಕೆಲಸ ಆಮೆಯಜ್ಜನದು.

ಕೆಳದಂಡೆಯ ತಂಡ ಮೊಲಗಳದ್ದು. ಅವು ಒಮ್ಮೆಯೂ ಗೆದ್ದಿರಲಿಲ್ಲ. ತಂಡದ ನಾಯಕ ಕರಿಗಿವಿಗೆ ಆ ವರ್ಷ ಒಂದೇ ಚಿಂತೆ. ಅವನ ಅಜ್ಜಿಗೆ ಗುಡ್ಡ ಹತ್ತುವ ಶಕ್ತಿ ಉಳಿದಿರಲಿಲ್ಲ.

"ಒಂದು ತಿಂಗಳ ನೀರು ಸಿಕ್ಕರೆ ಸಾಕು ಮಗಾ, ಮುಂದಿನ ಮಳೆ ನೋಡುತ್ತೇನೆ" ಎಂದಿತ್ತು ಅಜ್ಜಿ.

ಕೆಳದಂಡೆಯ ಯಜಮಾನಿಕೆ ನರಿಯದು. ಆಡುವುದು ಮೊಲಗಳು, ಮೆರೆಯುವುದು ಅದು. ಗೆದ್ದರೆ ಮಡುವಿನಲ್ಲಿ ಮೊದಲ ಗುಟುಕು ಯಜಮಾನನಿಗೇ. ನರಿ ನೇರವಾಗಿ, ಕೆಳದಂಡೆಗಾಗಿ ಆಡುತ್ತಿದ್ದ ಕೆಂಚಿ ಎಂಬ ಕೆಂದಳಿಲಿನ ಬಳಿಗೆ ಹೋಯಿತು. ಗುರಿಯಲ್ಲಿ ಕೆಂಚಿಯನ್ನು ಮೀರಿಸುವವರಿರಲಿಲ್ಲ. ಆದರೆ ಅವಳ ನಾಲ್ಕು ವರ್ಷ ಮುಗಿದಿತ್ತು.

"ಈ ಸಲವೂ ನೀನೇ ಆಡಬೇಕು ಕೆಂಚಿ."

"ನನ್ನ ಮರದಲ್ಲಿ ನಾಲ್ಕು ಗೀರು ಇವೆಯಲ್ಲ, ನರಿಮಾವ?"

"ಯಾವ ಮರ? ಅದು ಹೋದ ಮಳೆಗೆ ಬಿದ್ದು ಹೊಳೆಗೆ ಅಡ್ಡವಾಗಿ ಮಲಗಿದೆ. ನೀನೀಗ ಇರುವ ಮರದಲ್ಲಿ ಒಂದು ಗೀರೂ ಇಲ್ಲ. ಹೊಸ ಮರ, ಹೊಸ ಲೆಕ್ಕ."

ಅದು ಮೋಸವೆಂದು ಕೆಂಚಿಗೆ ತಿಳಿಯದ್ದೇನಲ್ಲ. ಆದರೆ ಬೇಲದ ಕಾಯಿ ಕೈಯಲ್ಲಿ ಹಿಡಿಯದೆ ಒಂದು ವರ್ಷ ಕಳೆಯುವುದು ಅವಳಿಗೆ ಬೇಡವಾಗಿತ್ತು. ಹೂಂ ಎಂದಳು. ಆ ವರ್ಷ ಹೊಸದಾಗಿ ತಂಡ ಸೇರಿದ್ದ ಮೊಲಗಳಿಗೆ ಅವಳ ಲೆಕ್ಕ ಗೊತ್ತಿರಲಿಲ್ಲ, ಇಬ್ಬರೂ ಬಾಯಿ ಬಿಡಲೂ ಇಲ್ಲ.

ಮೇಲ್ದಂಡೆಯ ಮೂರು ತಂಡಗಳಲ್ಲಿ ಮೊದಲ ಪಂದ್ಯ ಕಾಡುಹಂದಿಗಳ ಮೇಲೆ. ಹಂದಿಗಳು ನಗುತ್ತಾ ಬಂದವು, ಸೋತು ಹೋದವು. ಎರಡನೆಯದು ಕಾಟಿಗಳ, ಅಂದರೆ ಕಾಡುಕೋಣಗಳ ಮೇಲೆ. ಆ ಬೆಟ್ಟದಂಥ ದೇಹಗಳ ಕಾಲ ಸಂದಿಯಲ್ಲಿ ನುಸುಳಿ ಮೊಲಗಳು ಅದನ್ನೂ ಗೆದ್ದುಬಿಟ್ಟವು. ಕಾಡಿಗೆ ಕಾಡೇ ಬೆರಗಾಯಿತು. ಎರಡು ತಿಂಗಳ ನೀರು! ಅಜ್ಜಿ ಆ ಸಂಜೆ ಮೊಮ್ಮಗನ ಕಿವಿ ನೆಕ್ಕಿ ನೆಕ್ಕಿ ಒದ್ದೆ ಮಾಡಿತು.

ಇಷ್ಟಕ್ಕೇ ಸುಮ್ಮನಿದ್ದರೆ ನರಿಯನ್ನು ನರಿ ಎನ್ನುವುದಾದರೂ ಏಕೆ? ಕೊನೆಯ ಪಂದ್ಯ ಕರಡಿಗಳ ಮೇಲಿತ್ತು. ಆಡದೆಯೇ ಗೆಲ್ಲುವ ಆಸೆಯಿಂದ ನರಿ ಆಮೆಯಜ್ಜನ ಹತ್ತಿರ ದೂರು ಕೊಟ್ಟಿತು.

"ಅಜ್ಜ, ಕರಡಿ ತಂಡದ ಜಡೆಯ ಐದನೆಯ ವರ್ಷ ಆಡುತ್ತಿದ್ದಾನೆ. ಎಣಿಸಿ ನೋಡಿ."

"ಎಣಿಸೋಣ" ಎಂದಿತು ಆಮೆ. "ಒಬ್ಬನದನ್ನು ಎಣಿಸಿದ ಮೇಲೆ ಎಲ್ಲರದನ್ನೂ ಎಣಿಸಬೇಕು."

ಜಡೆಯನ ಮರದಲ್ಲಿ ಮೂರೇ ಗೀರು ಇದ್ದವು. ಆಮೆ ಒಂದೊಂದೇ ಮರ ನೋಡುತ್ತಾ ಕೆಂಚಿಯ ಮರಕ್ಕೆ ಬಂತು. ಅದರ ತೊಗಟೆ ನುಣ್ಣಗಿತ್ತು.

"ಇದಕ್ಕೂ ಮೊದಲು ಎಲ್ಲಿದ್ದೆ ಮಗಳೇ?"

ನರಿ ಕಣ್ಣು ಮಿಟುಕಿಸಿತು. ಆದರೆ ಅಜ್ಜನ ಮುಖ ನೋಡಿ ಸುಳ್ಳು ಹೇಳುವುದು ಕೆಂಚಿಯಿಂದ ಆಗಲಿಲ್ಲ. ಹೊಳೆಯ ಕಡೆ ಕೈ ತೋರಿಸಿದಳು. ಬಿದ್ದ ಮರದ ಮೇಲೆ ನಾಲ್ಕು ಗೀರುಗಳೂ ಹಾಗೇ ಇದ್ದವು.

ಕೆಳದಂಡೆಯ ಎರಡೂ ಗೆಲುವು ಅಳಿಸಿಹೋದವು. ನೀರೂ ಹೋಯಿತು.

ಕರಿಗಿವಿ ಆಮೆಯ ಮುಂದೆ ಮಂಡಿಯೂರಿದ. "ಅಜ್ಜ, ಹಂದಿಗಳ ಪಂದ್ಯದ ದಿನ ಕೆಂಚಕ್ಕನ ಗುರಿ ತಪ್ಪಿತ್ತು, ಎಸೆದ ಒಂದು ಕಾಯಿಯೂ ಬಳೆಗೆ ಬೀಳಲಿಲ್ಲ. ಅದನ್ನು ಗೆದ್ದದ್ದು ನಾವೇ. ಆ ಒಂದು ತಿಂಗಳನ್ನಾದರೂ ಬಿಡಿ."

"ಗೊತ್ತು ಕಂದ, ನಾನೂ ನೋಡಿದ್ದೇನೆ" ಎಂದಿತು ಆಮೆ. "ಆದರೆ ಅವಳು ಕಣದಲ್ಲಿದ್ದಳು. ನಾನು ಏನೂ ಮಾಡಲಾರೆ."

ಕೆಳದಂಡೆಯವರು ನರಿಯನ್ನು ಯಜಮಾನಿಕೆಯಿಂದ ಕಿತ್ತುಹಾಕಿದರು. ಬೇಸಿಗೆಯಲ್ಲಿ ಅದೂ ನಾಲಿಗೆ ಚಾಚಿಕೊಂಡು ಗುಡ್ಡ ಹತ್ತಬೇಕಾಯಿತು. ಜೊತೆಗೆ ಬಾ ಎಂದು ಯಾರೂ ಕರೆಯಲಿಲ್ಲ. ದಾರಿಯಲ್ಲಿ ಬಿದ್ದಾಗ ಯಾರೂ ಹಿಂತಿರುಗಿ ನೋಡಲಿಲ್ಲ. ಕುಂಟುತ್ತಾ ಆ ಕಾಡನ್ನೇ ಬಿಟ್ಟುಹೋಯಿತು. ಅದಕ್ಕೆ ತಕ್ಕ ಶಾಸ್ತಿಯೇ ಆಯಿತು, ಆದರೆ ಅದರಿಂದ ಯಾರ ಬಾಯಾರಿಕೆಯೂ ತೀರಲಿಲ್ಲ.

ಕರಿಗಿವಿಯ ಅಜ್ಜಿ ಒಂದು ಗುಡ್ಡ ಹೇಗೋ ದಾಟಿತು. ಎರಡನೆಯ ಗುಡ್ಡದ ಬುಡದಲ್ಲಿ ಕೂತದ್ದು ಮತ್ತೆ ಏಳಲಿಲ್ಲ.

ಮರುದಿನ ಕೆಂಚಿ ಬಂದು ದೂರದಲ್ಲೇ ನಿಂತಳು. "ನನಗೆ ಎಣಿಸಲು ಬರುತ್ತಿತ್ತು ಕರಿಗಿವಿ" ಎಂದಳು. "ಆಡುವ ಆಸೆಗೆ ಎಣಿಸಲಿಲ್ಲ."

"ಅಜ್ಜಿ ನಿನ್ನನ್ನು ಬಯ್ಯಲಿಲ್ಲ ಕೆಂಚಕ್ಕ, ನಾನೂ ಬಯ್ಯುವುದಿಲ್ಲ" ಎಂದ ಕರಿಗಿವಿ. "ಆದರೆ ಸ್ವಲ್ಪ ದಿನ ನನ್ನ ಕಣ್ಣಿಗೆ ಬೀಳಬೇಡ."

ನೀತಿ: ಮೋಸ ಬೆರೆತ ಗೆಲುವು, ಪ್ರಾಮಾಣಿಕವಾಗಿ ದುಡಿದವರ ಪಾಲನ್ನೂ ಕಸಿದುಕೊಳ್ಳುತ್ತದೆ, ಅದರ ಶಿಕ್ಷೆ ತಪ್ಪು ಮಾಡದವರಿಗೇ ಹೆಚ್ಚು ತಟ್ಟುತ್ತದೆ.